ನೀರು ನಿಂತ ಹೊತ್ತು

ಒಂಬತ್ತನೇ ಕಂತು

"ಈಗ ಬಿಡಮ್ಮ," ಎಂದಳು ಬಲೆಯಜ್ಜಿ.

ಇನ್ಸ್‌ಪೆಕ್ಟರ್ ಖಾಲಿ ನೀರಿನ ಬಾಟಲಿಯನ್ನು ದೋಣಿಯ ಅಂಚಿನಿಂದ ಕೆಳಗೆ ಬಿಟ್ಟಳು. ಕೈಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಬಂದರು ಕಚೇರಿಯವರು ಅಚ್ಚು ಹಾಕಿಸಿ ಊರಿಗೆಲ್ಲ ಹಂಚುವ ಭರತ-ಇಳಿತದ ಪಟ್ಟಿಯ ಪ್ರಕಾರ ಸಮುದ್ರ ತುಂಬಿ, ನೀರು ಅಲುಗದೆ ನಿಲ್ಲಬೇಕಾದ ಗಳಿಗೆ ಅದು.

ಬಾಟಲಿ ನಿಲ್ಲಲಿಲ್ಲ. ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ ಎರಡು ಗುಡ್ಡಗಳ ನಡುವಿನ ಕಂಡಿಯೊಳಗೆ ಓಡಿತು. ಅವಳು ಮೂವತ್ತು ಎಣಿಸುವಷ್ಟರಲ್ಲಿ ಕಣ್ಣಿಗೆ ಕಾಣದಾಯಿತು.

ದೋಣಿಯನ್ನು ಕಂಪನಿಯ ಹಳದಿ ತೇಲುಗುಂಡಿಗೆ ಕಟ್ಟಿದ್ದರು. ಕಟ್ಟಿದ ಹಗ್ಗ ಸೆಟೆದು ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಂಥ ಸೆಳೆತದಲ್ಲಿ ಮನುಷ್ಯನೊಬ್ಬ ನೀರಿಗಿಳಿಯುವುದಿರಲಿ, ದೋಣಿಯಿಂದ ಕೈ ಇಳಿಬಿಟ್ಟರೂ ಭುಜ ಎಳೆಯುತ್ತಿತ್ತು.

"ಇನ್ನೊಂದು ಬಿಡ್ಲಾ ಅಜ್ಜಿ?"

"ಎಷ್ಟು ತಂದಿದ್ದೀಯ?"

"ಹನ್ನೆರಡು."

"ನಾಲ್ಕೈದು ನಿಮಿಷಕ್ಕೊಂದು ಬಿಡು. ನಿಂಗೆ ಹೊತ್ತು ಹೋಗುತ್ತೆ. ನೀರಿಗೇನು, ಅದು ತನಗೆ ಬೇಕಾದಾಗ ನಿಲ್ಲುತ್ತೆ. ಅಲ್ಲ, ಸಮುದ್ರಕ್ಕೆ ಕಸ ಹಾಕಿದ್ದಕ್ಕೆ ಪೊಲೀಸ್ನೋರನ್ನ ಯಾರು ಹಿಡೀತಾರೆ?"

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಹದಿನೈದು ದಿನದಿಂದ ಅವಳಿಗೆ ಯಾವುದಕ್ಕೂ ನಗು ಬಂದಿರಲಿಲ್ಲ.

ಹದಿನೈದು ದಿನದ ಹಿಂದೆ, ಇದೇ ಕಂಡಿಯ ತಳಕ್ಕೆ ಸಮುದ್ರದ ಸೆಳೆತದಿಂದ ವಿದ್ಯುತ್ ತೆಗೆಯುವ ಟರ್ಬೈನನ್ನು ಕಂಪನಿಯವರು ಇಳಿಸುವಾಗ, ಅದರಡಿ ಸಿಕ್ಕಿ ಒಬ್ಬ ಮುಳುಗುಗಾರ ಸತ್ತಿದ್ದ. ಕ್ರೇನ್ ನಡೆಸುತ್ತಿದ್ದವನು ಮೀನುಗಾರರ ಕೇರಿಯವನು, ಊರೆಲ್ಲ 'ನಿಧಾನಿ' ಎಂದು ಕರೆಯುವವನು. ಅಂದಿನಿಂದ ಅವನು ಠಾಣೆಯ ಲಾಕಪ್ಪಿನಲ್ಲಿದ್ದ.

ಕ್ರೇನ್ ಹೊತ್ತ ಚಪ್ಪಟೆ ಹಡಗಿಗೆ ಬಾರ್ಜ್ ಎನ್ನುತ್ತಿದ್ದರು. ನಡೆದ ಕೆಲಸವನ್ನೆಲ್ಲ ಬರೆದಿಡುವ ಅದರ ಲಾಗ್ ಪುಸ್ತಕದಲ್ಲಿ ಆ ದಿನದ ಪುಟ ಚೊಕ್ಕವಾಗಿ ಹೇಳುತ್ತಿತ್ತು. ಹನ್ನೊಂದು ಹತ್ತು: ನೀರು ನಿಂತಿದೆ, ಮುಳುಗುಗಾರ ಇಳಿದ. ಹನ್ನೊಂದು ಇಪ್ಪತ್ತೈದು: ಕ್ರೇನ್ ಚಾಲಕ ಅಪ್ಪಣೆಯಿಲ್ಲದೆ ಯಂತ್ರ ಇಳಿಸಿದ.

ನಿಧಾನಿ ಹೇಳುವುದೇ ಬೇರೆ. ಮುಳುಗುಗಾರ ಇಳಿದಾಗ ಹನ್ನೆರಡು ಹತ್ತಿರವಾಗಿತ್ತು, ಆಮೇಲೆ ವೈರ್‌ಲೆಸ್ಸಿನಲ್ಲಿ 'ಇಳಿಸು' ಅಂತ ದನಿ ಬಂತು, ಯಾರ ದನಿಯೋ ಗೊತ್ತಿಲ್ಲ, ತಾನು ಇಳಿಸಿದೆ. ಇದನ್ನು ಹೇಳಿ ಮುಗಿಸಲು ಅವನಿಗೆ ಮುಕ್ಕಾಲು ಗಂಟೆ ಬೇಕಾಗಿತ್ತು.

ಅವನ ಮಾತಿಗೆ ಸಾಕ್ಷಿ ಹೇಳುವವರು ಒಬ್ಬರಿಲ್ಲ. ಬಾರ್ಜಿನ ಮೇಲಿದ್ದ ಐವರು ಬಾಯಿಪಾಠ ಮಾಡಿದವರಂತೆ ಒಂದೇ ವಾಕ್ಯ ಒಪ್ಪಿಸಿ ಹೋಗಿದ್ದರು: "ಗಡಿಯಾರ ನೋಡಲಿಲ್ಲ, ಆಚೆ ಬದಿಯಲ್ಲಿದ್ದೆವು." ಮೂರನೇ ದಿನ ಬಾರ್ಜೂ ಹೋಯಿತು, ಐವರೂ ಹೋದರು. ತಡೆಯಬೇಕೆಂದು ಬರೆದ ಅವಳ ಕಾಗದಕ್ಕೆ ಮೇಲಿನಿಂದ ಉತ್ತರವೇ ಬರಲಿಲ್ಲ. ಇನ್ನು ಮೀನುಗಾರರ ಕೇರಿಯಲ್ಲಿ ಇಪ್ಪತ್ತಮೂರು ಮನೆಯ ಬಾಗಿಲು ಬಡಿದಿದ್ದಳು. ಕಂಪನಿ ಸೇರಿದವನ ಸುದ್ದಿ ನಮಗ್ಯಾಕೆ ಎಂದು ಇಪ್ಪತ್ತೆರಡು ಬಾಗಿಲು ಹಾಕಿಕೊಂಡವು. ಕಂಪನಿಯವರ ಲೆಕ್ಕದಲ್ಲಿ ಅವನು ಮೀನುಗಾರ, ಮೀನುಗಾರರ ಲೆಕ್ಕದಲ್ಲಿ ಕಂಪನಿಯವನು. ನಡುವೆ ಬಿದ್ದವನನ್ನು ಎತ್ತುವವರೇ ಇಲ್ಲ.

ಇಪ್ಪತ್ತಮೂರನೇ ಬಾಗಿಲು ಬಲೆಯಜ್ಜಿಯದು. ನಿಧಾನಿ ಅವಳ ತಂಗಿಯ ಮಗ.

"ಹದಿನೈದು ದಿನ ತುಂಬೋವರೆಗೆ ಕಾಯಿ," ಎಂದಿದ್ದಳು ಅವತ್ತು, ಬಲೆ ನೇಯುವ ಸೂಜಿಯಿಂದ ತಲೆಯೆತ್ತದೆ. "ಹದಿನೈದು ದಿನಕ್ಕೆ ನೀರು ಹೆಚ್ಚುಕಡಿಮೆ ಅದೇ ಹೊತ್ತಿಗೆ ವಾಪಸ್ ಬರುತ್ತೆ. ಆಗ ಕರ್ಕೊಂಡು ಹೋಗಿ ತೋರಿಸ್ತೀನಿ. ಬಾಯಲ್ಲಿ ಹೇಳಿದ್ರೆ ನಿಮ್ಮಂಥವರು ನಂಬಲ್ಲ."

ಅವಳು ಕಾದಳು. ಆದರೆ ಅಷ್ಟೇ ದಿನಕ್ಕೆ ನಿಧಾನಿಯ ಪೊಲೀಸ್ ಕಸ್ಟಡಿಯೂ ಮುಗಿಯುತ್ತಿತ್ತು. ಇವತ್ತು ನಾಲ್ಕು ಗಂಟೆಗೆ ಆರೋಪಪಟ್ಟಿಗೆ ಸಹಿ, ಐದಕ್ಕೆ ವ್ಯಾನು, ಆಮೇಲೆ ದೊಡ್ಡ ಜೈಲು. ಅಲ್ಲಿಗೆ ಹೋದವನ ಕಾಗದ ಮತ್ತೆ ಮೇಲೇಳಲು ವರ್ಷಗಳು ಬೇಕು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋನು ಹೊಡೆದುಕೊಂಡಿತು. ಮೇಲಧಿಕಾರಿ.

"ಎಲ್ಲಿದ್ದೀರಿ?"

"ಸ್ಥಳ ಪರಿಶೀಲನೆಯಲ್ಲಿ ಸರ್."

"ದೋಣೀಲಿ ಅಂತೆ? ಚೆನ್ನಾಗಿದೆ. ಗಾಳಿ ತಂಪಾಗಿದೆಯಾ? ಆರೋಪಪಟ್ಟಿ ರೆಡಿ ಇದೆ ಅಂತ ನಿಮ್ಮ ರೈಟರು ಹೇಳಿದ್ರು. ಒಂದು ಸಹಿ ಹಾಕೋಕೆ ಏನ್ರೀ ಕಷ್ಟ?"

"ಲಾಗ್ ಪುಸ್ತಕದ ಸಮಯದ ಮೇಲೆ ನನಗೆ ಅನುಮಾನ..."

"ನಾಲ್ಕು ಗಂಟೆ," ಎಂದು ಆ ಕಡೆ ಇಟ್ಟುಬಿಟ್ಟರು.

ಅವಳು ಫೋನನ್ನು ನೀರಿಗೆ ಎಸೆಯುವುದೊಂದು ಬಾಕಿ. ಅದರ ಬದಲು ಇನ್ನೊಂದು ಬಾಟಲಿ ಬಿಟ್ಟಳು. ಅದೂ ಓಡಿತು.

"ಅವನ ಹತ್ರ ನಾನು ಮಾತು ಬಿಟ್ಟು ಎರಡು ವರ್ಷ," ಅಜ್ಜಿ ತಾನಾಗಿಯೇ ಶುರು ಮಾಡಿದಳು. "ಈ ಕಂಡಿ ನಮ್ಮ ಅಡುಗೆಮನೆ ಇದ್ದ ಹಾಗೆ. ಅದರ ಬಾಗಿಲಿಗೆ ಅವರು ಯಂತ್ರ ತಂದು ಇಡ್ತೀವಿ ಅಂದ್ರು. ಇಡೋಕೆ ನಮ್ಮನೆಯವನೇ ಹೋದ. ನಾನು ಹೇಳ್ದೆ, ಇನ್ಮೇಲೆ ನನ್ನ ದೊಡ್ಡಮ್ಮ ಅಂತ ಕರೀಬೇಡ ಅಂತ."

"ಮತ್ತೆ ಇವತ್ತು ಯಾಕೆ ಬಂದ್ರಿ?"

"ಮಾತು ಬಿಟ್ಟಿದ್ದು ಅವನ ಹತ್ರ. ಸುಳ್ಳು ಹೇಳ್ತೀನಿ ಅಂತ ಒಪ್ಪಿಕೊಂಡಿಲ್ಲ." ಅಜ್ಜಿ ಸಿಡುಕಿದಳು. "ಅವನಮ್ಮ ಬದುಕಿದ್ದಾಗ ತಟ್ಟೆಗೆ ಬಡಿಸಿ ಕೂಗಿದ್ರೆ, ಇವನು ಕೈ ತೊಳ್ಕೊಂಡು ಬರೋ ಹೊತ್ತಿಗೆ ಊಟ ಆರಿ ತಣ್ಣಗಾಗಿರೋದು. ಅಂಥವನು ಅವಸರ ಮಾಡಿ ಇಳಿಸಿಬಿಟ್ನಂತೆ! ಬರೆದವರಿಗಾದ್ರೂ ನಾಚಿಕೆ ಬೇಡ್ವಾ?"

ಬರೆದವರು. ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಚೀಲದಿಂದ ಲಾಗ್ ಪುಸ್ತಕ ಹೊರತೆಗೆದಳು. ನಿಯಮದ ಪ್ರಕಾರ ಅದನ್ನು ದೋಣಿಗೆ ತರುವಂತಿರಲಿಲ್ಲ. ನಿಯಮ ನೋಡುತ್ತಾ ಕೂತರೆ ಐದರ ವ್ಯಾನು ತಪ್ಪುವುದಿಲ್ಲ ಎಂದು ತಂದಿದ್ದಳು.

"ಓದು ನೋಡೋಣ," ಎಂದಳು ಅಜ್ಜಿ.

ಓದಿದಳು. ಅಜ್ಜಿ ಕೈ ಚಾಚಿದಳು. "ಕೊಡಿಲ್ಲಿ. ಓದಕ್ಕೆ ಬರಲ್ಲ, ಮುಟ್ಟಿ ನೋಡ್ತೀನಿ."

ಐವತ್ತು ವರ್ಷ ಬಲೆ ನೇಯ್ದ ಬೆರಳುಗಳು ಹಾಳೆಗಳನ್ನು ಒಂದೊಂದಾಗಿ ಸವರಿದವು. ಬಾರ್ಜಿನ ಮೇಲೆ ತಿಂಗಳುಗಟ್ಟಲೆ ಉಪ್ಪುಗಾಳಿ ಕುಡಿದ ಹಾಳೆಗಳು ಮಳೆಗೆ ನೆಂದ ಕ್ಯಾಲೆಂಡರಿನಂತೆ ಉಬ್ಬಿ ಸುಕ್ಕಾಗಿದ್ದವು. ಒಂದು ಹಾಳೆಯ ಮೇಲೆ ಬೆರಳು ನಿಂತಿತು.

"ಇದು ಸಮುದ್ರ ನೋಡಿಲ್ಲ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಆ ದಿನದ ಹಾಳೆಯೇ. ಇಸ್ತ್ರಿ ಹೊಡೆದಂತೆ ನುಣ್ಣಗಿತ್ತು. ನೂರು ಸಲ ಓದಿದ್ದಳು, ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಜ್ಜಿ ಪುಸ್ತಕವನ್ನು ತಿರುಗಿಸಿ ಬೆನ್ನಿನ ಹೊಲಿಗೆ ನೋಡಿದಳು. ಉಗುರಿನಿಂದ ದಾರವೊಂದನ್ನು ಮೀಟಿದಳು.

"ಇಲ್ಲಿ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಮೊದಲಿನದು ಮಿಷಿನ್ ಹೊಲಿಗೆ. ಇದು ಕೈಯದ್ದು. ಎರಡೆಳೆ ಹತ್ತಿ ದಾರ, ಮೇಣ ಸವರಿದ್ದಾರೆ. ಹೊಲಿಗೆ ಬರುತ್ತೆ ಆ ಮನುಷ್ಯನಿಗೆ, ಆದ್ರೆ ಗಂಟು ನಮ್ಮವರದಲ್ಲ. ನೀರಿಗೆ ಹೋಗೋರು ಹೀಗೆ ಗಂಟು ಹಾಕಲ್ಲ, ಒದ್ದೆಯಾದ್ರೆ ಬಿಚ್ಚೋಕೇ ಬರಲ್ಲ ಇದು."

ಮೊದಲ ಬಾರಿಗೆ ಏನೋ ಕೈಗೆ ಸಿಕ್ಕಿತ್ತು. ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು. ದೋಣಿಯಲ್ಲಿದ್ದುದರಿಂದ ಸುಮ್ಮನೆ ಕೂತಳು.

ಒಂಬತ್ತನೇ ಬಾಟಲಿ ಸ್ವಲ್ಪ ಸೋಮಾರಿಯಾಗಿ ಹೋಯಿತು. ಹತ್ತನೆಯದನ್ನು ಬಿಟ್ಟಾಗ ಹಗ್ಗ ಸಡಿಲಗೊಂಡು ನೀರಿಗೆ ಜೋತುಬಿತ್ತು. ಬಾಟಲಿ ದೋಣಿಯ ಪಕ್ಕದಲ್ಲೇ ನಿಂತಲ್ಲೇ ತಿರುಗಿ, ಅವಳನ್ನೇ ನೋಡುತ್ತಿರುವಂತೆ ಸುಮ್ಮನಾಯಿತು.

"ನೋಡು," ಎಂದಳು ಅಜ್ಜಿ.

ಹನ್ನೆರಡು ಗಂಟೆ ಎರಡು ನಿಮಿಷ. ಪಟ್ಟಿ ಹೇಳಿದ್ದಕ್ಕಿಂತ ನಲವತ್ತೆರಡು ನಿಮಿಷ ತಡ. ಪಟ್ಟಿ ಬಂದರಿನದು. ಬಂದರಿನಲ್ಲಿ ನೀರು ತುಂಬಿ ನಿಂತ ಮೇಲೂ ಕಂಡಿಯಲ್ಲಿ ಮುಕ್ಕಾಲು ಗಂಟೆ ಹರಿಯುತ್ತಲೇ ಇರುತ್ತದೆ. ಸತ್ತವನು ಲಾಗ್ ಹೇಳಿದ ಸಮಯಕ್ಕೆ ನೀರಿಗಿಳಿದಿದ್ದರೆ ಅವನೂ ಮೊದಲ ಬಾಟಲಿಯ ದಾರಿ ಹಿಡಿಯುತ್ತಿದ್ದ. ಅಂದರೆ ಆ ಪುಟ ಬರೆದವನು ಬಾರ್ಜಿನ ಮೇಲೆ ನಿಂತು ಬರೆದಿಲ್ಲ. ಎಲ್ಲೋ ಒಣಗಿದ ಕುರ್ಚಿಯಲ್ಲಿ ಕೂತು, ಅಚ್ಚಾದ ಪಟ್ಟಿ ನೋಡಿ ಬರೆದಿದ್ದಾನೆ.

* * *

ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲ ಮೇಲೆ, ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರು ಕಾಯುತ್ತಾ ನಿಂತಿದ್ದರು. ಒಳನಾಡಿನಿಂದ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳಾಗದ ಮನುಷ್ಯ. ಮೃದು ಮಾತು, ಅಚ್ಚುಕಟ್ಟು ಕೆಲಸ. ಕಂಕುಳಲ್ಲಿ ಕಾಗದದ ಕಟ್ಟು, ಮುಖದಲ್ಲಿ ಬಿಸಿಲಿನ ಬೆವರು.

"ಕ್ಷಮಿಸಿ ಮೇಡಂ, ಟಪಾಲು ಒಂದೂವರೆಗೆ ಹೋಗುತ್ತೆ. ಇಲ್ಲೊಂದು... ಇಲ್ಲೊಂದು... ಇದಕ್ಕೆ ಬರೀ ಚುಟುಕು ಸಹಿ."

ಅವಳು ಕಂಬಕ್ಕೆ ಕಾಗದ ಒತ್ತಿಕೊಂಡು ಸಹಿ ಹಾಕಿದಳು. ಕಿವಿಯಲ್ಲಿ ಫೋನು. ಕಂಪನಿಯ ಸ್ವಾಗತಕಾರಿಣಿ ಮೂರನೇ ಸಲ ಅದೇ ಹಾಡು ಹಾಕಿ ಕಾಯಿಸುತ್ತಿದ್ದಳು. ರಜೆ ಅರ್ಜಿಯೋ, ಜೀಪಿನ ಟೈರೋ, ಬಂದೋಬಸ್ತೋ, ದಿನಕ್ಕೆ ಅರವತ್ತು ಸಹಿ. ಓದುತ್ತಾ ಕೂತರೆ ತನಿಖೆ ಮಾಡುವುದು ಯಾವಾಗ?

"ಹೋದ ಕೆಲಸ ಆಯ್ತಾ ಮೇಡಂ?" ರೈಟರು ಕೇಳಿದರು.

"ಆಯ್ತು. ಆರೋಪಪಟ್ಟಿ ಹಾಗೇ ಇಟ್ಟಿರಿ. ನಾನು ಬರೋವರೆಗೆ ಮುಟ್ಟಬೇಡಿ."

"ಸರಿ ಮೇಡಂ. ಹೊಲಿಗೆ ಒಂದು ಬಾಕಿ ಇದೆ ಅಷ್ಟೆ."

ಅಜ್ಜಿ ದೋಣಿ ಕಟ್ಟುತ್ತಾ ಕೂಗಿದಳು. "ಇನ್ಸ್‌ಪೆಕ್ಟರಮ್ಮ! ಅವನಿಗೆ ಹೇಳು..." ಎಂದವಳು ನಿಲ್ಲಿಸಿದಳು. ಹಗ್ಗದ ಗಂಟನ್ನು ಎರಡು ಸಲ ಬಿಗಿದಳು. "ಏನೂ ಹೇಳ್ಬೇಡ. ಕರ್ಕೊಂಡು ಬಾ."

* * *

ಕಂಪನಿಯ ಮುಖ್ಯ ಎಂಜಿನಿಯರರ ಕಚೇರಿ ಎಂದರೆ ದಕ್ಕೆಯ ಕೊನೆಯಲ್ಲಿಟ್ಟ ಒಂದು ಕಬ್ಬಿಣದ ಕಂಟೇನರು. ಒಳಗೆ ಕಾಲಿಡಲು ಜಾಗವಿಲ್ಲ. ಗೋಡೆಗುಂಟ ಕಟ್ಟಿದ ತಂತಿಗೆ ಒಣಹಾಕಿದ ಕೈಗವಸುಗಳು, ಮೂಲೆಯಲ್ಲಿ ತುಕ್ಕು ಹಿಡಿದ ಬೋಲ್ಟುಗಳ ಡಬ್ಬಿ, ಮೇಜಿನ ಮೇಲೆ ಮೂರು ರೆಕ್ಕೆಯ ಟರ್ಬೈನಿನ ಮರದ ಮಾದರಿ. ಮಾದರಿಯ ಒಂದು ರೆಕ್ಕೆ ಮುರಿದಿತ್ತು. ಟೇಪು ಸುತ್ತಿದ್ದರು.

ಎರಡೂವರೆಗೆ ಬರಬೇಕಿದ್ದ ಎಂಜಿನಿಯರ್ ಮೂರಕ್ಕೆ ಹತ್ತು ನಿಮಿಷವಿರುವಾಗ ಬಂದರು. ಅಷ್ಟರಲ್ಲಿ ಇನ್ಸ್‌ಪೆಕ್ಟರಿನ ತಾಳ್ಮೆ ಪೂರಾ ಖಾಲಿಯಾಗಿತ್ತು.

"ಏನ್ರೀ, ಎಷ್ಟು ಸಲ ಕಾಯಿಸ್ತೀರಾ?"

"ಹದಿನೈದು ದಿನದಿಂದ ನನ್ನ ಯಂತ್ರ ತಳದಲ್ಲಿ ಓರೆಯಾಗಿ ಬಿದ್ದಿದೆ. ಎತ್ತೋಕೆ ಬಾರ್ಜಿಲ್ಲ, ಬಿಡೋಕೆ ಅಪ್ಪಣೆ ಇಲ್ಲ. ನಿಮಗೊಬ್ಬರಿಗೇ ಕಾಯೋ ಕಷ್ಟ ಅಂದ್ಕೊಂಡ್ರಾ?" ಎಂಜಿನಿಯರ್ ಕುರ್ಚಿಯ ಮೇಲಿನ ಹಗ್ಗದ ಸುರುಳಿ ತೆಗೆದು ನೆಲಕ್ಕೆ ಹಾಕಿ ಕೂತರು. ಕಣ್ಣ ಕೆಳಗೆ ಕಪ್ಪು. ಎರಡು ದಿನದಿಂದ ಗಡ್ಡ ಕೆರೆದಿರಲಿಲ್ಲ.

ಅವಳು ಲಾಗ್ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಮುರಿದ ರೆಕ್ಕೆ ಕಳಚಿ ಬಿತ್ತು.

"ಇದು ಸುಳ್ಳು ಪುಟ. ನೀವು ಬದಲಾಯಿಸಿದ್ದೀರಿ."

"ನಾನಾ?"

"ಹಾಳೆ ಹೊಸದು. ಹೊಲಿಗೆ ಹೊಸದು. ಹನ್ನೊಂದು ಹತ್ತಕ್ಕೆ ನೀರು ನಿಂತಿತ್ತು ಅಂತ ಬರೆದಿದೆ. ಈಗಷ್ಟೇ ಕಂಡಿಯಿಂದ ಬಂದೆ, ನನ್ನ ಕಣ್ಣಾರೆ ನೋಡಿದ್ದೀನಿ. ಆ ಹೊತ್ತಿಗೆ ಅಲ್ಲಿ ನೀರು ಕುದುರೆ ಥರ ಓಡ್ತಿರುತ್ತೆ. ಬಡಪಾಯಿಯೊಬ್ಬನ ತಲೆಗೆ ಕಟ್ಟೋಕೆ ಆಫೀಸಲ್ಲಿ ಕೂತು ಪಟ್ಟಿ ನೋಡಿ ಬರೆದಿದ್ದೀರಿ. ಅಪ್ಪಣೆ ಕೊಟ್ಟವರ ಹೆಸರು ಯಾಕೆ ಅಳಿಸಿದ್ರಿ? ಯಾರನ್ನ ಉಳಿಸೋಕೆ?"

ಎಂಜಿನಿಯರ್ ಪುಸ್ತಕ ತೆರೆದರು. ಹಾಳೆ ಮುಟ್ಟಿದರು. ಹನ್ನೊಂದು ಹತ್ತು ಎಂಬ ಅಂಕಿಯ ಮೇಲೆ ಅವರ ಕಣ್ಣು ನಿಂತಿತು. ಆಮೇಲೆ ನಕ್ಕರು. ಸಂತೋಷದ ನಗುವಲ್ಲ, ಬಹಳ ದಿನ ನಿದ್ದೆಗೆಟ್ಟವರ ನಗು.

"ಇದೇ ಪುಟ ನೋಡ್ಕೊಂಡು ಹದಿನೈದು ದಿನ ಕೂತಿದ್ರಾ ನೀವು? ನನಗೆ ಒಂದು ಸಲ ತೋರಿಸಬಾರದಿತ್ತಾ?"

"ತೋರಿಸಿದ್ರೆ?"

"ನಿಮ್ಮ ಹಿಂದೆ ನೋಡಿ."

ಅವಳು ತಿರುಗಿದಳು. ಬಾಗಿಲ ಪಕ್ಕದಲ್ಲಿ ಬಂದರು ಕಚೇರಿಯ ಅದೇ ಪಟ್ಟಿ ತೂಗುತ್ತಿತ್ತು. ಆದರೆ ಅಚ್ಚಾದ ಪ್ರತಿ ಸಮಯದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಇನ್ನೊಂದು ಸಮಯ ಬರೆದಿದ್ದರು. ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ: ನಲವತ್ತೆರಡು ಕೂಡಿಸಿ!

"ಮೊದಲನೇ ತಿಂಗಳು ನಾವೂ ಪಟ್ಟಿ ನಂಬಿದ್ವಿ," ಎಂದರು ಎಂಜಿನಿಯರ್. "ಅಳತೆ ಉಪಕರಣ ಇಟ್ಟ ಚೌಕಟ್ಟೊಂದು ಕೊಚ್ಚಿಕೊಂಡು ಹೋಯ್ತು. ನಮಗೆ ಬುದ್ಧಿ ಹೇಳಿದ್ದು ಯಾರು ಗೊತ್ತಾ? ನೀವು ಒಳಗಿಟ್ಟಿದ್ದೀರಲ್ಲ, ಆ ನಿಧಾನಿ. ಅವತ್ತಿಂದ ನಲವತ್ತೆರಡು ಕೂಡಿಸದೆ ನಾವು ಒಂದು ಬೋಲ್ಟ್ ಇಳಿಸಿಲ್ಲ. ಈ ಕಂಟೇನರ್ ಗುಡಿಸೋರಿಗೂ ಇದು ಗೊತ್ತು. ಮೀನುಗಾರರಿಗಂತೂ ಹುಟ್ಟಿದಾಗಿಂದ ಗೊತ್ತು. ನಾನು ಸುಳ್ಳು ಪುಟ ಬರೆಯೋದಾಗಿದ್ರೆ ಹನ್ನೊಂದು ಐವತ್ತೆರಡು ಅಂತಾನೇ ಬರೀತಿದ್ದೆ. ಈ ತಪ್ಪು ನಮ್ಮವರು ಮಾಡೋ ತಪ್ಪಲ್ಲ."

ಅವಳು ಬೆಳಗಿನಿಂದ ಕಟ್ಟಿಕೊಂಡು ಬಂದದ್ದೆಲ್ಲ ಒಂದೇ ಏಟಿಗೆ ಕುಸಿದಿತ್ತು.

"ಲಾಗ್ ಪುಸ್ತಕ ನಾನು ಅವತ್ತು ಸಂಜೆಯೇ ನಿಮ್ಮ ಠಾಣೆಗೆ ಕೊಟ್ಟೆ," ಅವರು ಮುಂದುವರಿಸಿದರು. "ಕೊಡೋ ಮೊದಲು ಓದಿದ್ದೆ. ಆ ಪುಟ ನೆಂದು ಉಬ್ಬಿತ್ತು. ಅಪ್ಪಣೆ ಕೊಟ್ಟವರ ಹೆಸರು ಅದರಲ್ಲಿತ್ತು. ನಮ್ಮ ಕಂಪನಿಯವರ ಹೆಸರಲ್ಲ. ಅವತ್ತು ಬಾರ್ಜ್ ನೋಡೋಕೆ ಅಂತ ಬಂದವರೊಬ್ಬರ ಹೆಸರು."

"ಯಾರದು?"

"ಹೇಳಲ್ಲ."

"ಏನು?"

"ಪುಟ ನಿಮ್ಮ ಕೈಗೆ ಕೊಟ್ಟೆ. ನಿಮ್ಮ ಕೈಯಲ್ಲಿ ಕಳೀತು. ಈಗ ಬಾಯಲ್ಲಿ ಹೇಳಿದ್ರೆ, ಆ ಬಾಯಿ ಎಲ್ಲಿ ಕಳೆಯುತ್ತೋ ಯಾರಿಗೆ ಗೊತ್ತು?" ಅವರು ಕಳಚಿದ ಮರದ ರೆಕ್ಕೆಯನ್ನು ಎತ್ತಿ, ಟೇಪು ಬಿಡಿಸಿ, ಮತ್ತೆ ಸುತ್ತತೊಡಗಿದರು. "ಪುಟ ಹುಡುಕಿ ತನ್ನಿ. ನ್ಯಾಯಾಲಯದಲ್ಲೇ ನಿಂತು, ಹೌದು ಇದೇ ಅಂತ ಹೇಳ್ತೀನಿ."

"ಒಬ್ಬ ಅಮಾಯಕ ಐದು ಗಂಟೆಗೆ ಜೈಲಿಗೆ ಹೋಗ್ತಾನೆ!"

"ಗೊತ್ತು. ನಂಗೂ ನಿದ್ದೆ ಬರ್ತಿಲ್ಲ." ಅವರು ತಲೆಯೆತ್ತಲಿಲ್ಲ. "ಹೊಸ ಹಾಳೆ ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಈ ಪುಸ್ತಕ ಅಂಗಡೀಲಿ ಸಿಗಲ್ಲ, ನಮಗಂತ ಅಚ್ಚು ಹಾಕಿಸಿದ್ದು. ಬರೆಯದ ಹೊಸ ಪುಸ್ತಕ ಒಂದೇ ಒಂದು ಹೊರಗೆ ಹೋಗಿದೆ. ಮಾರನೇ ದಿನ ನಿಮ್ಮ ಠಾಣೆಯಿಂದ ಪತ್ರ ತಂದು ತಗೊಂಡು ಹೋದ್ರು."

"ಯಾವ ಪತ್ರ? ಯಾರು ಬರೆದಿದ್ದು?"

"ಬಂದ ಪತ್ರ ಅವತ್ತೇ ನಮ್ಮ ಕೇಂದ್ರ ಕಚೇರಿಗೆ ಹೋಯ್ತು. ನಾನು ಮೊಹರು ನೋಡಿದೆ, ಪುಸ್ತಕ ಕೊಟ್ಟೆ. ಅದರ ಪ್ರತಿ ನಿಮ್ಮಲ್ಲೇ ಇರಬೇಕಲ್ಲ."

* * *

ಠಾಣೆಗೆ ಬಂದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು.

ಜೀಪಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳ ಕಣ್ಣು ಒಂದನ್ನೇ ಹುಡುಕಿತ್ತು. ಕ್ಷೌರದಂಗಡಿಯ ಕನ್ನಡಿಯ ಪಕ್ಕ ಪಟ್ಟಿ ಇತ್ತು, ಅಂಚಿನಲ್ಲಿ ಪೆನ್ನಿನ ಅಂಕಿ. ಮಂಜುಗಡ್ಡೆ ಕಾರ್ಖಾನೆಯ ಕಿಟಕಿಯಲ್ಲಿತ್ತು, ಅಲ್ಲೂ ಅಂಕಿ. ಊರಿಗೆ ಊರೇ ಕೂಡಿಸಿಕೊಂಡು ಓದುವ ಪಟ್ಟಿಯನ್ನು ಅಚ್ಚಾದಂತೆಯೇ ನಂಬುವವರು ಎಲ್ಲಿರುತ್ತಾರೆ?

ತನ್ನ ಕೋಣೆಗೆ ಬಂದು, ಕುರ್ಚಿಯಲ್ಲಿ ಕೂರದೆ, ಕುರ್ಚಿಯ ಹಿಂದಿನ ಗೋಡೆ ನೋಡಿದಳು.

ಪಟ್ಟಿ ಅಲ್ಲೇ ನೇತಾಡುತ್ತಿತ್ತು. ಅದಕ್ಕೆ ಬೆನ್ನು ಹಾಕಿ ವರ್ಷವಿಡೀ ಕೂತಿದ್ದಳು. ಒಂದು ಅಂಕಿ ಇಲ್ಲ, ಒಂದು ಗೀಟಿಲ್ಲ. ಠಾಣೆಯಲ್ಲಿದ್ದವರೆಲ್ಲ ಹೊರಗಿನಿಂದ ವರ್ಗವಾಗಿ ಬಂದವರು, ಅವಳೂ ಸೇರಿದಂತೆ. ಹತ್ತಿರ ಹೋದಳು. ಆ ದಿನದ ಸಾಲಿನಲ್ಲಿ ಹನ್ನೊಂದು ಹತ್ತರ ಕೆಳಗೆ ಉಗುರಿನಿಂದ ಎಳೆದ ಸಣ್ಣ ಗೆರೆಯೊಂದು ಕಾಗದವನ್ನು ಕೊರೆದಿತ್ತು.

ಅವಳು ಬಾಗಿಲಿನ ಕಡೆ ತಿರುಗಿದಳು.

ಹೊರಗಿನ ಹಾಲಿನಲ್ಲಿ ರೈಟರು ತಮ್ಮ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಆರೋಪಪಟ್ಟಿಯ ಕಟ್ಟು, ಕೈಯಲ್ಲಿ ದಬ್ಬಣ. ಎರಡೆಳೆ ಬಿಳಿ ದಾರವನ್ನು ಮೇಣದ ಬತ್ತಿಯ ತುಂಡಿನ ಮೇಲೆ ಎಳೆದರು. ಒಮ್ಮೆ, ಎರಡು ಸಲ. ಮೇಣ ಹತ್ತಿದ ದಾರ ಬೆಳಕಿಗೆ ಹೊಳೆಯಿತು.

"ಬಂದ್ರಾ ಮೇಡಂ? ಹೊಲಿಗೆ ಇನ್ನೇನು ಮುಗೀತು."

ಲಾಕಪ್ಪಿನ ಕಂಬಿಯ ಹಿಂದೆ ನಿಧಾನಿ ಎದ್ದು ನಿಂತಿದ್ದ. ಬಾಯಿ ತೆರೆದು, ಪದ ಹುಡುಕಿ, ಎಂದಿನಂತೆ ಒಂದೊಂದಾಗಿ ಹೊರಗಿಟ್ಟ.

"ಮೇಡಂ... ನೀರು... ನಿಲ್ತಾ?"

"ನಿಲ್ತಪ್ಪ. ನೀನು ಹೇಳಿದ ಹೊತ್ತಿಗೇ."

"ದೋಣಿ... ಯಾರು..."

"ನಿಮ್ಮ ದೊಡ್ಡಮ್ಮ."

ಅವನು ಕಂಬಿ ಹಿಡಿದುಕೊಂಡ. ಮುಖ ಅರಳಲೂ ಹೊತ್ತು ಹಿಡಿಯಿತು. ಆದರೆ ಅರಳಿತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

"ರೈಟರೇ, ಹೊರಗೆ ಹೋದ ಪತ್ರಗಳ ಫೈಲು ಕೊಡಿ."

"ಈಗಲಾ ಮೇಡಂ? ನಾಲ್ಕಾಗ್ತಾ ಬಂತು. ಸಾಹೇಬರು ಎರಡು ಸಲ ಫೋನ್ ಮಾಡಿದ್ರು."

"ಈಗ."

ಅವರು ಅವಸರಪಡಲಿಲ್ಲ. ಕಪಾಟು ತೆರೆದು, ಫೈಲು ತೆಗೆದು, ಧೂಳು ಒರೆಸಿ, ಬೇಕಾದ ಪುಟವನ್ನೇ ಬಿಡಿಸಿ ಅವಳ ಮುಂದಿಟ್ಟರು. ಯಾವ ಪತ್ರ ಎಂದು ಅವಳು ಹೇಳಿಯೇ ಇರಲಿಲ್ಲ.

ನಾಲ್ಕು ಸಾಲಿನ ಪತ್ರ. 'ಬಾರ್ಜಿನ ಲಾಗ್ ಪುಸ್ತಕವು ನನ್ನ ಸ್ವಂತ ವಶದಲ್ಲಿದ್ದು, ನಾನೇ ಖುದ್ದಾಗಿ ಪರಿಶೀಲಿಸುತ್ತಿದ್ದೇನೆ. ಹೋಲಿಕೆಗಾಗಿ ಬರೆಯದ ಹೊಸ ಪುಸ್ತಕವೊಂದನ್ನು ಈ ಪತ್ರ ತಂದವರ ಕೈಯಲ್ಲಿ ಕಳುಹಿಸಿಕೊಡಬೇಕು.'

ಕೆಳಗೆ ಸಹಿ. ನಕಲಿಯಲ್ಲ. ಕಿವಿಗೆ ಫೋನು ಹಿಡಿದು ಹಾಕುವಾಗ ಅವಳ ಸಹಿಯ ಬಾಲ ಸಾಲು ದಾಟಿ ಮೇಲಕ್ಕೆ ಹೋಗುತ್ತದೆ. ಇಲ್ಲೂ ಹೋಗಿತ್ತು. ತನ್ನದೇ ಸಹಿ.

"ಇದನ್ನ ಬರೆದವರು ಯಾರು?"

"ನೀವೇ ಸಹಿ ಹಾಕಿದ್ದೀರಲ್ಲ ಮೇಡಂ."

"ನಾನು ಓದಿಲ್ಲ."

"ಓದಿಲ್ಲ ಅಂತ ಎಲ್ಲೂ ಬರೆದಿಲ್ವಲ್ಲ ಮೇಡಂ." ರೈಟರ ದನಿ ಎಂದಿನಷ್ಟೇ ಮೃದುವಾಗಿತ್ತು. "ಪುಸ್ತಕ ನಿಮ್ಮ ವಶದಲ್ಲಿತ್ತು. ಹೊಸ ಪುಸ್ತಕ ನಿಮಗೆ ಬಂತು. ಇವತ್ತು ಬೆಳಿಗ್ಗೆ ಕೂಡ ನೀವೇ ಅದನ್ನ ರಿಜಿಸ್ಟರಿಗೆ ಬರೆಯದೆ ಚೀಲದಲ್ಲಿ ಹಾಕ್ಕೊಂಡು ದೋಣಿಗೆ ಹೋದ್ರಿ. ದಕ್ಕೇಲಿ ಎಲ್ಲರೂ ನೋಡಿದ್ದಾರೆ."

ಪುಟ ಸುಳ್ಳು ಎಂದು ಅವಳು ಬರೆದರೆ, ಸುಳ್ಳು ಮಾಡಿದವಳು ಅವಳೇ ಎಂದು ಈ ಕಾಗದ ಹೇಳುತ್ತದೆ. ಬರೆಯದಿದ್ದರೆ ನಿಧಾನಿ ವ್ಯಾನು ಹತ್ತುತ್ತಾನೆ. ಹದಿನೈದು ದಿನ ಅವಳು ಹುಡುಕಿದ್ದು ಸುಳ್ಳಿನ ಹಿಂದಿನ ಕೈಯನ್ನು, ಸಿಕ್ಕಿದ್ದು ತನ್ನದೇ ಸಹಿ.

ಅಂಗಳದಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು. ಐದಕ್ಕೆ ಬರಬೇಕಾದದ್ದು ಒಂದು ಗಂಟೆ ಮೊದಲೇ ಬಂದಿತ್ತು. ಕಂಬಿಯ ಹಿಂದಿನಿಂದ ನಿಧಾನಿ ಅವಳನ್ನೇ ನೋಡುತ್ತಿದ್ದ, ಮುಖದ ಮೇಲೆ ಆ ನಗು ಇನ್ನೂ ಇತ್ತು.

ರೈಟರು ಆರೋಪಪಟ್ಟಿಯ ಕೊನೆಯ ಹಾಳೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟರು.

"ಇಲ್ಲೊಂದು ಮೇಡಂ," ಎಂದರು.